ಲೆಕ್ಕಕ್ಕೆ ಸಿಗದ ಸೊಪ್ಪು: ಭಂಗಿ, ಗಾಂಜಾ ಮತ್ತು ನಾವು ನುಂಗುವ ಮಾತ್ರೆಗಳು

ಹೃದಯದ ಕವಾಟ ಬದಲಿಸಿಕೊಂಡವರ ಮನೆಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ನೋಟುಪುಸ್ತಕ ಇರುತ್ತದೆ. ಒಂದು ಕಡೆ ತಾರೀಕು, ಅದರ ಪಕ್ಕದಲ್ಲಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ತಿಳಿಸುವ ಐಎನ್‌ಆರ್ ಅಂಕಿ, ಕೊನೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಆ ವಾರ ನುಂಗಬೇಕಾದ ಅಸಿಟ್ರಾಮ್ ಅಥವಾ ವಾರ್ಫರಿನ್ ಮಾತ್ರೆಯ ಪ್ರಮಾಣ. ಅಂಕಿ 2ಕ್ಕಿಂತ ಕೆಳಗಿಳಿದರೆ ಕವಾಟದ ಮೇಲೆ ರಕ್ತ ಗಡ್ಡೆಕಟ್ಟುವ ಭಯ. 4, 5 ಎಂದು ಏರುತ್ತ ಹೋದರೆ ಒಸಡಿನಿಂದ, ಮೂಗಿನಿಂದ, ಕರುಳಿನಿಂದ, ಕೆಲವೊಮ್ಮೆ ಮಿದುಳಿನೊಳಗೇ ರಕ್ತ ಸೋರುವ ಭಯ. ಮಾತ್ರೆಯ ಪ್ರಮಾಣ ಅರ್ಧ ಮಿಲಿಗ್ರಾಂ ಹೆಚ್ಚುಕಡಿಮೆಯಾದರೂ ಅಂಕಿ ಬದಲಾಗುವುದರಿಂದ ವೈದ್ಯರು ರೋಗಿಯ ಊಟವನ್ನೂ ವಿಚಾರಿಸುತ್ತಾರೆ. ಪಾಲಕ್, ಮೆಂತ್ಯ, ಹರಿವೆ ಮುಂತಾದ ಸೊಪ್ಪುಗಳಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ಹಾಗಾಗಿ ಸೊಪ್ಪು ತಿನ್ನಿ, ಆದರೆ ಪ್ರತಿ ವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ ಎಂದು ಹೇಳಿ ಕಳಿಸುತ್ತಾರೆ. ಇಷ್ಟೆಲ್ಲ ವಿಚಾರಣೆಯ ನಡುವೆಯೂ ಯಾರ ಬಾಯಿಗೂ ಬಾರದೆ ಉಳಿಯುವ ಸೊಪ್ಪು ಒಂದಿದೆ. ಅದು ಭಂಗಿ ಸೊಪ್ಪು. ವೈದ್ಯರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ.

ಹೇಳದೆ ಉಳಿದರೆ ಏನಾಗಬಹುದು ಎಂಬುದಕ್ಕೆ 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಕರಣ ಸಾಕ್ಷಿಯಾಗಿದೆ. ಕೃತಕ ಕವಾಟವಿದ್ದ, ಹನ್ನೊಂದು ವರ್ಷಗಳಿಂದ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ 56 ವರ್ಷದ ವ್ಯಕ್ತಿಯೊಬ್ಬರು ಕರುಳಿನ ರಕ್ತಸ್ರಾವದಿಂದ ಆಸ್ಪತ್ರೆಗೆ ಬಂದಾಗ ಅವರ ಐಎನ್‌ಆರ್ 10ನ್ನು ದಾಟಿತ್ತು. ಮಾತ್ರೆಯನ್ನು ಅವರು ಹೆಚ್ಚು ನುಂಗಿರಲಿಲ್ಲ. ಆ ದಿನಗಳಲ್ಲಿ ಗಾಂಜಾ ಸೇದುವುದನ್ನು ಹೆಚ್ಚಿಸಿದ್ದರು. ಸೇದುವುದನ್ನು ನಿಲ್ಲಿಸಿದ ಮೇಲೆ ಅಂಕಿ ಮತ್ತೆ ಹತೋಟಿಗೆ ಬಂತು. ಒಬ್ಬ ರೋಗಿಯ ಕಥೆಯಿಂದ ಎಲ್ಲರಿಗೂ ಅನ್ವಯವಾಗುವ ನಿಯಮವನ್ನು ಕಟ್ಟಲಾಗದು, ನಿಜ. ಆದರೆ ಅದರ ಹಿಂದಿನ ಕಾರಣ ಏನೆಂಬುದು ವೈದ್ಯಶಾಸ್ತ್ರಕ್ಕೆ ಬಹುಮಟ್ಟಿಗೆ ಗೊತ್ತಿದೆ, ಮತ್ತು ಆ ಕಾರಣ ವಾರ್ಫರಿನ್ ಒಂದಕ್ಕೇ ಸೀಮಿತವಾದುದಲ್ಲ.

ಗಾಂಜಾ ಒಳ್ಳೆಯದೋ ಕೆಟ್ಟದ್ದೋ, ಅದನ್ನು ಕಾನೂನುಬದ್ಧಗೊಳಿಸಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಈ ಸಂಗತಿ ಸದಾ ಮರೆಯಾಗುತ್ತದೆ. ಒಂದು ಪಕ್ಷ ಅದನ್ನು ವಿಷವೆಂದು ಕರೆಯುತ್ತದೆ, ಇನ್ನೊಂದು ಪಕ್ಷ ದೇವರ ಪ್ರಸಾದವೆಂದೋ ಬರೀ ಗಿಡವೆಂದೋ ಹೇಳುತ್ತದೆ. ದೇಹದೊಳಕ್ಕೆ ಹೋದ ಮೇಲೆ ಮಾತ್ರ ಅದು ಒಂದು ಔಷಧದಂತೆಯೇ ವರ್ತಿಸುತ್ತದೆ: ರಕ್ತದಲ್ಲಿ ಬೆರೆಯುತ್ತದೆ, ಮಿದುಳನ್ನೂ ಹೃದಯವನ್ನೂ ಮುಟ್ಟುತ್ತದೆ, ಯಕೃತ್ತಿನಲ್ಲಿ ಒಡೆಯುತ್ತದೆ, ಅಲ್ಲಿ ಒಡೆಯಬೇಕಾದ ಬೇರೆ ಔಷಧಗಳ ಜೊತೆ ಜಾಗಕ್ಕಾಗಿ ಪೈಪೋಟಿ ನಡೆಸುತ್ತದೆ. ಚೀಟಿಯಲ್ಲಿ ಬರೆಯದ ಈ ಔಷಧವನ್ನು ಲೆಕ್ಕಕ್ಕೆ ಹಿಡಿಯದೆ ಬರೆದುಕೊಟ್ಟ ಎಲ್ಲ ಮಾತ್ರೆಗಳ ಪ್ರಮಾಣವೂ ಒಂದು ರೀತಿಯಲ್ಲಿ ಬೇರೆ ಯಾರದೋ ದೇಹಕ್ಕೆ ನಿಗದಿಯಾದ ಪ್ರಮಾಣವೇ ಆಗಿರುತ್ತದೆ.

ಈ ಮಾತು ಅನ್ವಯಿಸುವುದು ಕೆಲವೇ ಕೆಲವರಿಗಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ವರದಿ ಕೊಟ್ಟ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ 2.8ರಷ್ಟು, ಅಂದರೆ ಸುಮಾರು 3.1 ಕೋಟಿ ಜನ, ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ಇವರಲ್ಲಿ ಹೆಚ್ಚಿನವರು ಬಳಸಿದ್ದು ಭಂಗಿಯನ್ನು. ಈ ಮೂರೂ ಬರುವುದು ಒಂದೇ ಗಿಡದಿಂದ. ಎಲೆಯಿಂದ ಭಂಗಿ, ಹೂತೆನೆಯಿಂದ ಗಾಂಜಾ, ಅಂಟಿನಿಂದ ಚರಸ್. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಹೂತೆನೆಯನ್ನೂ ಅಂಟನ್ನೂ ನಿಷೇಧಿಸಿ, ತೆನೆಯಿಂದ ಬೇರ್ಪಟ್ಟ ಎಲೆಯನ್ನೂ ಬೀಜವನ್ನೂ ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ, ಭಂಗಿ ಎಂದರೆ ನಿರುಪದ್ರವಿ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಕಾನೂನು ಎಲೆಗೂ ತೆನೆಗೂ ಎಳೆದ ಗೆರೆ ಯಕೃತ್ತಿಗೆ ಗೊತ್ತಿಲ್ಲ. ಎರಡರಲ್ಲೂ ಇರುವ ಮುಖ್ಯ ರಾಸಾಯನಿಕಗಳು ಅದೇ ಟಿಎಚ್‌ಸಿ, ಅದೇ ಸಿಬಿಡಿ. ವ್ಯತ್ಯಾಸ ಪ್ರಮಾಣದಲ್ಲಿ ಮಾತ್ರ. ಅಮಲು ಏರಿಸುವುದು ಟಿಎಚ್‌ಸಿ. ಸಿಬಿಡಿಗೆ ಅಮಲಿಲ್ಲ, ಆದರೆ ಬೇರೆ ಔಷಧಗಳ ದಾರಿಗೆ ಅಡ್ಡ ಬರುವುದರಲ್ಲಿ ಅದರ ಪಾಲೇ ದೊಡ್ಡದು.

ಯಕೃತ್ತಿನ ಕೆಲಸವನ್ನು ಊರಿನ ಹಿಟ್ಟಿನ ಗಿರಣಿಗೆ ಹೋಲಿಸಿದರೆ ವಿಷಯ ತಿಳಿಯಾಗುತ್ತದೆ. ನಾವು ನುಂಗುವ ಬಹುಪಾಲು ಔಷಧಗಳು ದೇಹದಿಂದ ಹೊರಹೋಗುವ ಮೊದಲು ಅಲ್ಲಿ ಪುಡಿಯಾಗಬೇಕು. ಪುಡಿ ಮಾಡುವ ಕಿಣ್ವಗಳಿಗೆ ವಿಜ್ಞಾನಿಗಳು 2ಸಿ9, 2ಸಿ19, 3ಎ4, 1ಎ2 ಎಂಬಂಥ ಹೆಸರುಗಳನ್ನಿಟ್ಟಿದ್ದಾರೆ. ಒಂದೊಂದು ಯಂತ್ರಕ್ಕೂ ಅದರದೇ ಧಾನ್ಯ. ಇಬ್ಬರು ಒಂದೇ ಯಂತ್ರದ ಮುಂದೆ ಚೀಲ ತಂದಿಟ್ಟರೆ ಒಬ್ಬರು ಕಾಯಲೇಬೇಕು. ಕಾಯುವ ಔಷಧ ಅಷ್ಟು ಹೊತ್ತೂ ರಕ್ತದಲ್ಲೇ ಸುತ್ತುತ್ತಿರುತ್ತದೆ, ಮರುದಿನದ ಮಾತ್ರೆ ಅದರ ಮೇಲೆ ಬಂದು ಸೇರುತ್ತದೆ, ಪ್ರಮಾಣ ಏರುತ್ತ ಹೋಗುತ್ತದೆ. ಟಿಎಚ್‌ಸಿ ಮುಖ್ಯವಾಗಿ 2ಸಿ9 ಎಂಬ ಯಂತ್ರದಲ್ಲಿ, ಸ್ವಲ್ಪ 3ಎ4ರಲ್ಲಿ ಪುಡಿಯಾಗುತ್ತದೆ. ಸಿಬಿಡಿಯಾದರೋ ತಾನು ಪುಡಿಯಾಗುವುದಷ್ಟೇ ಅಲ್ಲದೆ 2ಸಿ19, 2ಸಿ9 ಮುಂತಾದ ಯಂತ್ರಗಳ ವೇಗವನ್ನೇ ತಗ್ಗಿಸುತ್ತದೆ. ವಾರ್ಫರಿನ್ ಪುಡಿಯಾಗಬೇಕಾದದ್ದೂ ಅದೇ 2ಸಿ9ರಲ್ಲಿ. ಆ ಅಮೆರಿಕದ ರೋಗಿಯ ಐಎನ್‌ಆರ್ ಏರಿದ್ದಕ್ಕೆ ವೈದ್ಯರು ಕೊಟ್ಟ ವಿವರಣೆಗಳಲ್ಲಿ ಇದೂ ಒಂದು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅಸಿಟ್ರಾಮ್ ಕೂಡ ಇದೇ ಯಂತ್ರವನ್ನು ನೆಚ್ಚಿಕೊಂಡಿದೆ.

ಎಲ್ಲರ ಗಿರಣಿಯೂ ಒಂದೇ ವೇಗದ್ದಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಕೆಲವರು ಹುಟ್ಟಿನಿಂದಲೇ ನಿಧಾನವಾದ 2ಸಿ9 ಪಡೆದಿರುತ್ತಾರೆ. ಅಂಥವರಲ್ಲಿ ಅತಿ ನಿಧಾನದ ಬಗೆಯನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರು ಅಷ್ಟೇ ಟಿಎಚ್‌ಸಿ ನುಂಗಿದರೂ ಅದರ ಪ್ರಭಾವಕ್ಕೆ ಸುಮಾರು ಮೂರು ಪಟ್ಟು ಹೆಚ್ಚು ಒಳಗಾಗುತ್ತಾರೆ. ಒಂದೇ ಚೊಂಬಿನಿಂದ ಭಂಗಿ ಕುಡಿದ ಇಬ್ಬರು ಗೆಳೆಯರಲ್ಲಿ ಒಬ್ಬ ನಗುತ್ತ ಕುಳಿತಿದ್ದು ಇನ್ನೊಬ್ಬ ಮರುದಿನ ಮಧ್ಯಾಹ್ನದವರೆಗೆ ಎಚ್ಚರವಿಲ್ಲದೆ ಬಿದ್ದಿರುವುದಕ್ಕೆ ಇಂಥ ಕಾರಣವೂ ಇರಬಹುದು.

ಸಿಬಿಡಿಯ ಅಡ್ಡಗಾಲು ಅತ್ಯಂತ ಸ್ಪಷ್ಟವಾಗಿ ಕಾಣಿಸಿದ್ದು ಮೂರ್ಛೆರೋಗದ ಮಕ್ಕಳಲ್ಲಿ. 2018ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಶುದ್ಧ ಸಿಬಿಡಿಯ ಎಪಿಡಿಯೊಲೆಕ್ಸ್ ಎಂಬ ದ್ರವವನ್ನು ಡ್ರಾವೆ ಮತ್ತು ಲೆನ್ನಾಕ್ಸ್–ಗ್ಯಾಸ್ಟೊ ಎಂಬ ಕಠಿಣ ಬಗೆಯ ಮೂರ್ಛೆಗಳಿಗೆ ಅನುಮೋದಿಸಿತು. ಆ ಮಕ್ಕಳಲ್ಲಿ ಬಹಳಷ್ಟು ಮಂದಿ ಮೊದಲೇ ಕ್ಲೊಬಜಾಮ್ ಎಂಬ ಮೂರ್ಛೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ನಮ್ಮ ಅಂಗಡಿಗಳಲ್ಲಿ ಅದು ಫ್ರಿಸಿಯಮ್ ಎಂಬ ಹೆಸರಿನಲ್ಲಿ ಪರಿಚಿತ. ಕ್ಲೊಬಜಾಮ್ ಒಡೆದಾಗ ಹುಟ್ಟುವ, ನಿದ್ದೆ ತರುವ ಇನ್ನೊಂದು ವಸ್ತು ಮುಂದೆ 2ಸಿ19ರಲ್ಲಿ ಪುಡಿಯಾಗಬೇಕು. ಸಿಬಿಡಿ ಆ ಯಂತ್ರವನ್ನು ತಡೆದಾಗ ಅದರ ಮಟ್ಟ ರಕ್ತದಲ್ಲಿ ಸುಮಾರು ಮೂರು ಪಟ್ಟು ಏರಿತು, ಮಕ್ಕಳು ತೂಕಡಿಸತೊಡಗಿದರು, ವೈದ್ಯರು ಕ್ಲೊಬಜಾಮ್ ಪ್ರಮಾಣವನ್ನು ಇಳಿಸಬೇಕಾಯಿತು. ಮೂರ್ಛೆಗೇ ಕೊಡುವ ಇನ್ನೊಂದು ಔಷಧವಾದ ವಾಲ್ಪ್ರೊಯೇಟ್ ಜೊತೆಗೆ ಕೊಟ್ಟಾಗ ಹಲವು ಮಕ್ಕಳಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಸೂಚನೆ ರಕ್ತಪರೀಕ್ಷೆಯಲ್ಲಿ ಕಾಣಿಸಿತು. ಇಷ್ಟಾದರೂ ಮಕ್ಕಳಿಗೆ ಆ ಔಷಧದಿಂದ ಒಟ್ಟಾರೆ ಲಾಭವೇ ಆಯಿತು, ಏಕೆಂದರೆ ಏನು ಏರುತ್ತಿದೆ, ಏನು ಇಳಿಯುತ್ತಿದೆ ಎಂಬುದನ್ನು ಪ್ರತಿ ಹಂತದಲ್ಲೂ ಅಳೆಯುವವರಿದ್ದರು.

ನಮ್ಮಲ್ಲಿ ಆಯುಷ್ ಪರವಾನಗಿಯಡಿ ‘ವಿಜಯಾ’ ಎಂಬ ಹೆಸರಿನಲ್ಲಿ ಭಂಗಿ ಎಲೆಯ ಸಾರದ ಎಣ್ಣೆಗಳು, ಗುಳಿಗೆಗಳು ಈಗ ಆನ್‌ಲೈನ್‌ನಲ್ಲೂ ಸಿಗುತ್ತವೆ. ನಿದ್ದೆಗೆ, ಮಂಡಿನೋವಿಗೆ, ಆತಂಕಕ್ಕೆ ಎಂದು ಬೆಂಗಳೂರಿನಂಥ ನಗರಗಳಲ್ಲಿ ಇವನ್ನು ತರಿಸಿಕೊಳ್ಳುವವರಿದ್ದಾರೆ. ಔಷಧ ನಿಯಮಗಳು ಭಂಗಿಯನ್ನು ಇ(1) ಅನುಸೂಚಿಯಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕಾದ ದ್ರವ್ಯಗಳ ಸಾಲಿಗೆ ಸೇರಿಸಿವೆ ಎಂಬುದನ್ನು ಕೊಳ್ಳುವವರು ಗಮನಿಸುವುದು ಕಡಿಮೆ. ಎಪಿಡಿಯೊಲೆಕ್ಸ್‌ನಲ್ಲಿ ಕೊಡುವುದು ಬಹಳ ದೊಡ್ಡ ಪ್ರಮಾಣ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 20 ಮಿಲಿಗ್ರಾಂ. ನಾಲಿಗೆಯ ಕೆಳಗೆ ಹಾಕಿಕೊಳ್ಳುವ ಐದಾರು ಹನಿಯನ್ನು ಅದಕ್ಕೆ ಸಮವೆಂದು ಹೇಳಿ ಹೆದರಿಸುವುದು ತಪ್ಪಾಗುತ್ತದೆ. ಆದರೆ ಕೆಲವು ಔಷಧಗಳಿಗೆ ಸಣ್ಣ ಏರುಪೇರೂ ದೊಡ್ಡದೇ. ಮೂರ್ಛೆಗೆ ಕೊಡುವ ಎಪ್ಟಾಯಿನ್ ಅಂಥದ್ದು: ಒಂದು ಮಟ್ಟ ದಾಟಿದ ಮೇಲೆ ಪ್ರಮಾಣ ಸ್ವಲ್ಪವೇ ಏರಿದರೂ ರಕ್ತದಲ್ಲಿ ಅದು ದಿಢೀರನೆ ಹೆಚ್ಚಿ, ರೋಗಿ ಕುಡಿದವರಂತೆ ತೂರಾಡತೊಡಗುತ್ತಾನೆ, ಕಣ್ಣುಗುಡ್ಡೆ ಅದುರುತ್ತದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಜೀವನಪೂರ್ತಿ ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್ ಕೂಡ ಹಾಗೆಯೇ. ದೊಡ್ಡ ಪ್ರಮಾಣದ ಸಿಬಿಡಿ ಪಡೆಯುತ್ತಿದ್ದ ರೋಗಿಯೊಬ್ಬರಲ್ಲಿ ಅದರ ಮಟ್ಟ ಸುಮಾರು ಮೂರು ಪಟ್ಟು ಏರಿದ್ದು 2019ರಲ್ಲಿ ವರದಿಯಾಗಿದೆ. ಏರಿದ ಟ್ಯಾಕ್ರೊಲಿಮಸ್ ಹಾಳುಮಾಡುವುದು ಮೂತ್ರಪಿಂಡವನ್ನೇ.

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅಲ್ಲಿ ರಕ್ತ ಗಡ್ಡೆಕಟ್ಟದಿರಲೆಂದು ನುಂಗುವ ಕ್ಲೊಪಿಡೊಗ್ರೆಲ್ ಮಾತ್ರೆಯದು ಇದರ ತಿರುಗುಮುರುಗಾದ ಸಂಗತಿ. ಅದು ನುಂಗಿದ ರೂಪದಲ್ಲಿ ಕೆಲಸ ಮಾಡುವುದಿಲ್ಲ. ಯಕೃತ್ತಿನಲ್ಲಿ, ಮುಖ್ಯವಾಗಿ 2ಸಿ19ರಲ್ಲಿ ಹಾದುಹೋದ ಮೇಲೆಯೇ ಅದಕ್ಕೆ ಶಕ್ತಿ ಬರುತ್ತದೆ. ಆ ಯಂತ್ರವನ್ನು ತಡೆಯುವ ಯಾವ ವಸ್ತುವೇ ಆಗಲಿ ಮಾತ್ರೆಯನ್ನು ದುರ್ಬಲಗೊಳಿಸಬಲ್ಲದು, ಮತ್ತು ಇಲ್ಲಿ ರೋಗಿಗೆ ಯಾವ ಸೂಚನೆಯೂ ಸಿಗುವುದಿಲ್ಲ. ತೂಕಡಿಕೆ ಇಲ್ಲ, ತಲೆಸುತ್ತು ಇಲ್ಲ. ರಕ್ಷಣೆ ಸದ್ದಿಲ್ಲದೆ ಕಡಿಮೆಯಾಗಿರುತ್ತದೆ.

ಪ್ರಭಾವ ಎರಡೂ ದಿಕ್ಕಿನಲ್ಲಿ ಹರಿಯುತ್ತದೆ. ಹುಳುಕಡ್ಡಿಗೆಂದು ವಾರಗಟ್ಟಲೆ ನುಂಗುವ ಫ್ಲುಕೊನಜೋಲ್ 2ಸಿ9ನ್ನು ತಡೆಯುವ ಔಷಧ. ಅದರ ಜೊತೆ ಎಂದಿನಷ್ಟೇ ಭಂಗಿ ಎಂದಿಗಿಂತ ಹೆಚ್ಚು ಏರಬಹುದು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ಪೂರ್ತಿ ವಿರುದ್ಧವಾಗಿ ಗಿರಣಿಗೆ ಹೊಸ ಯಂತ್ರಗಳನ್ನೇ ಕೂಡಿಸುತ್ತದೆ. ಒಂದು ಪ್ರಯೋಗದಲ್ಲಿ ಅದು ಟಿಎಚ್‌ಸಿಯ ಗರಿಷ್ಠ ಮಟ್ಟವನ್ನು ಮೂರನೇ ಒಂದು ಭಾಗಕ್ಕೂ ಹೆಚ್ಚು, ಸಿಬಿಡಿಯ ಮಟ್ಟವನ್ನು ಅರ್ಧದಷ್ಟು ಇಳಿಸಿತು. ಅಮಲು ಸಾಲದೆಂದು ಹೆಚ್ಚು ಸೇದುವ ಕ್ಷಯರೋಗಿ ತನ್ನ ಶ್ವಾಸಕೋಶಕ್ಕೆ ಏನು ಮಾಡಿಕೊಳ್ಳುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಗಿಡದ ರಾಸಾಯನಿಕಗಳ ಕೆಲಸ. ಹೊಗೆಯ ಕೆಲಸ ಬೇರೆಯೇ ಇದೆ, ಮತ್ತು ಮಾನಸಿಕ ಕಾಯಿಲೆಯ ರೋಗಿಗಳ ಮನೆಯವರು ಇದನ್ನು ತಪ್ಪದೆ ತಿಳಿದಿರಬೇಕೆಂದು ನನಗೆ ಅನಿಸುತ್ತದೆ. ಬೀಡಿಯಾಗಲಿ ಗಾಂಜಾವಾಗಲಿ, ಉರಿದಾಗ ಬರುವ ಹೊಗೆಯಲ್ಲಿನ ಮಸಿಯಂಥ ವಸ್ತುಗಳು 1ಎ2 ಎಂಬ ಯಂತ್ರದ ಸಂಖ್ಯೆಯನ್ನು ಹೆಚ್ಚಿಸುತ್ತವೆ. ಆ ಯಂತ್ರದಲ್ಲಿ ಪುಡಿಯಾಗುವ ಔಷಧ ಆಗ ಬೇಗ ಬೇಗ ಖಾಲಿಯಾಗುತ್ತದೆ. ಉಬ್ಬಸಕ್ಕೆ ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಕೊಡುವ ಡೆರಿಫಿಲಿನ್ ಮಾತ್ರೆಯಲ್ಲಿರುವ ಥಿಯೊಫಿಲಿನ್ ಹೀಗೆ ಗಾಂಜಾ ಸೇದುವವರ ದೇಹದಿಂದ ಬೇಗ ಹೊರಹೋಗುತ್ತದೆ ಎಂಬುದು 1970ರ ದಶಕದಿಂದಲೇ ಗೊತ್ತಿದೆ. ಸ್ಕಿಜೋಫ್ರೀನಿಯಾಕ್ಕೆ ಕೊಡುವ ಕ್ಲೋಜಪಿನ್ ಮತ್ತು ಓಲಾನ್ಜಪಿನ್ ಕೂಡ ಇದೇ ದಾರಿಯವು.

ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗನಿಗೆ ಕ್ಲೋಜಪಿನ್ ನಡೆಯುತ್ತಿದೆ. ಅವನು ತಂಬಾಕಿಗೆ ಗಾಂಜಾ ಬೆರೆಸಿ ದಿನವೂ ಸೇದುತ್ತಾನೆ, ಮನೆಯವರಿಗೆ ಅರ್ಧ ಗೊತ್ತು, ವೈದ್ಯರಿಗೆ ಗೊತ್ತಿಲ್ಲ. ಕಾಯಿಲೆ ಹತೋಟಿಗೆ ಬಾರದ್ದನ್ನು ಕಂಡು ವೈದ್ಯರು ಪ್ರಮಾಣ ಏರಿಸುತ್ತ ಹೋಗುತ್ತಾರೆ. ಸೇದುತ್ತಿರುವ ದೇಹಕ್ಕೆ ಆ ಏರಿದ ಪ್ರಮಾಣ ಸರಿಹೊಂದುತ್ತದೆ. ಒಂದು ದಿನ ಅವನನ್ನು ವಾರ್ಡಿಗೆ ಸೇರಿಸುತ್ತಾರೆ, ಅಥವಾ ಅಮ್ಮ ಹಟ ಹಿಡಿದು ಸೇದುವುದನ್ನು ಬಿಡಿಸುತ್ತಾಳೆ. ಹೆಚ್ಚುವರಿ ಯಂತ್ರಗಳು ಒಂದು ವಾರದೊಳಗೆ ಇಲ್ಲವಾಗುತ್ತವೆ, ಮಾತ್ರೆಯ ಪ್ರಮಾಣ ಮಾತ್ರ ಹಾಗೆಯೇ ಉಳಿದಿರುತ್ತದೆ. ಹೊಗೆ ಬಿಟ್ಟವರಲ್ಲಿ ಕ್ಲೋಜಪಿನ್ ಮಟ್ಟ ಒಂದೂವರೆ ಪಟ್ಟು, ಕೆಲವರಲ್ಲಿ ಅದಕ್ಕೂ ಹೆಚ್ಚು ಏರುವುದುಂಟು. ಮಗ ಜೊಲ್ಲು ಸುರಿಸುತ್ತ, ಎದ್ದರೆ ತಲೆ ತಿರುಗಿ, ಕರೆದರೂ ಓಗೊಡದಂತೆ ಮಲಗಿದಾಗ ಮನೆಯವರು ಕಾಯಿಲೆ ಮರಳಿತೆಂದು ತಿಳಿಯುತ್ತಾರೆ. ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಒಳ್ಳೆಯ ಕೆಲಸವೊಂದನ್ನು ಮಾಡಿದ್ದರಿಂದ ಬಂದ ಅಪಾಯ ಇದು. ಬಿಡುವುದನ್ನು ಯಾರೂ ತಡೆಯಬೇಕಾಗಿಲ್ಲ, ಬಿಡುವ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಅವರು ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಟಿಎಚ್‌ಸಿ ತಾನೇ ಭ್ರಮೆಗಳನ್ನು ಕೆರಳಿಸಿ ಕಾಯಿಲೆಯನ್ನು ಮರುಕಳಿಸುವಂತೆ ಮಾಡುತ್ತದೆ ಎಂಬುದು ಇದಕ್ಕಿಂತ ಹೆಚ್ಚು ಪ್ರಚಾರದಲ್ಲಿರುವ ವಿಷಯ. ಆದ್ದರಿಂದ ಅದನ್ನಿಲ್ಲಿ ಬೆಳೆಸುತ್ತಿಲ್ಲ.

ಇನ್ನು ಗಿರಣಿಯ ಪೈಪೋಟಿಗೆ ಸಂಬಂಧವಿಲ್ಲದ ಅಪಾಯಗಳು. ಎರಡು ವಸ್ತುಗಳು ದೇಹದ ಒಂದೇ ಭಾಗವನ್ನು ಒಂದೇ ದಿಕ್ಕಿಗೆ ತಳ್ಳಿದಾಗ ಇವು ಹುಟ್ಟುತ್ತವೆ, ಮತ್ತು ತುರ್ತು ಚಿಕಿತ್ಸಾ ಘಟಕಗಳಿಗೆ ಜನರನ್ನು ತಂದು ಸೇರಿಸುವುದು ಹೆಚ್ಚಾಗಿ ಇವೇ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಮದ್ಯ. ಮದ್ಯ ಒಳಗಿದ್ದಾಗ ಸೇದಿದ ಗಾಂಜಾದ ಟಿಎಚ್‌ಸಿ ರಕ್ತಕ್ಕೆ ಹೆಚ್ಚಾಗಿ ಸೇರುತ್ತದೆ. ಅಮೆರಿಕದ ಐಯೋವಾ ವಿಶ್ವವಿದ್ಯಾಲಯದ ಚಾಲನಾ ಸಿಮ್ಯುಲೇಟರಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಇದು ಅಳತೆಗೆ ಸಿಕ್ಕಿತು. ಎರಡು ಪೆಗ್ಗಿನ ನಂತರ ಕೈಗೆ ಬಂದ ಗಾಂಜಾ ಸಿಗರೇಟು ಕುಡಿಯದೆ ಸೇದಿದ ಅದೇ ಸಿಗರೇಟಿಗಿಂತ ಬಲವಾಗಿರುತ್ತದೆ. ಮುಖ ಬಿಳಿಚಿ, ಬೆವರು ಕಿತ್ತು, ಕೋಣೆ ತಿರುಗಿದಂತಾಗಿ ವಾಂತಿಯಾಗುವುದು ಇದರ ಪರಿಚಿತ ರೂಪ. ವಾಂತಿ ಬರುವಾಗ ಎಚ್ಚರವಿಲ್ಲದೆ ಅಂಗಾತ ಮಲಗಿದವರಿಗೆ ಅದು ಉಸಿರುನಾಳಕ್ಕೆ ಇಳಿಯಬಹುದು. ಜೊತೆಗಿದ್ದವರು ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಬ್ಬಂಟಿಯಾಗಿ ಬಿಡದೆ ಕುಳಿತಿರಬೇಕು. ವಾಹನದ ವಿಷಯದಲ್ಲಿ ನಮ್ಮ ಕಾನೂನು ಮದ್ಯಕ್ಕೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಮಿತಿಯನ್ನು ಹಾಕಿದೆ. ಪೊಲೀಸರ ಉಸಿರು ಪರೀಕ್ಷಾ ಯಂತ್ರ ಅಳೆಯುವುದು ಅದನ್ನಷ್ಟೇ. ಒಂದು ಬಿಯರು, ಒಂದು ಗಾಂಜಾ ಸಿಗರೇಟು ಎಂಬ ಲೆಕ್ಕದಲ್ಲಿ ಬೈಕ್ ಹತ್ತಿದವನು ಯಂತ್ರದಲ್ಲಿ ಪಾಸಾಗಿ ತಿರುವಿನಲ್ಲಿ ನಪಾಸಾಗುತ್ತಾನೆ, ಏಕೆಂದರೆ ಲೇನಿನಲ್ಲಿ ನೇರವಾಗಿ ಹೋಗುವ ಹಿಡಿತವನ್ನು ಇವೆರಡೂ ಒಂದರ ಮೇಲೊಂದು ಕೆಡಿಸುತ್ತವೆ.

ನಿದ್ದೆಯ ಮಾತ್ರೆ, ಆತಂಕಕ್ಕೆ ಕೊಡುವ ಆಲ್‌ಪ್ರಜೊಲಾಮ್, ಕ್ಲೊನಜೆಪಾಮ್, ನರನೋವಿಗೆ ಕೊಡುವ ಪ್ರೀಗ್ಯಾಬಲಿನ್, ನೆಗಡಿಗೆ ನುಂಗುವ ಅವಿಲ್, ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಇವೆಲ್ಲ ಮಿದುಳನ್ನು ಮಂಕಾಗಿಸುವ ಒಂದೇ ಬಳಗಕ್ಕೆ ಸೇರಿದವು. ಗಾಂಜಾ ಒಂದರಿಂದಲೇ ವಯಸ್ಕರ ಉಸಿರು ನಿಲ್ಲುವುದು ಅಪರೂಪ. ಅಫೀಮಿನ ಬಳಗದ ಔಷಧಗಳು ಮಾತ್ರ ಉಸಿರಾಟದ ಕೇಂದ್ರವನ್ನೇ ಹಿಡಿದು ಅದುಮುತ್ತವೆ. ಅವುಗಳಿಗೆ ನಿದ್ದೆ ಮಾತ್ರೆಯೂ ಮದ್ಯವೂ ಸೇರಿ, ಮೇಲೆ ಗಾಂಜಾದ ಮಂಪರು ಕವಿದಾಗ, ಎಷ್ಟು ನುಂಗಿದ್ದೇನೆ ಎಂಬ ಎಣಿಕೆಯೇ ತಪ್ಪುತ್ತದೆ. ಗೊರಕೆಯ ಸದ್ದು ಬದಲಾಗಿ, ತುಟಿ ನೀಲಿಗಟ್ಟಿ, ಅಲುಗಿಸಿದರೂ ಏಳದವರನ್ನು ‘ನಿದ್ದೆ ಮಾಡಲಿ ಬಿಡಿ’ ಎಂದು ಬಿಡುವಂತಿಲ್ಲ. 108ಕ್ಕೆ ಕರೆ ಮಾಡಬೇಕು, ಏನೇನು ತೆಗೆದುಕೊಂಡಿದ್ದರು ಎಂಬುದನ್ನು ಮುಚ್ಚಿಡದೆ ಹೇಳಬೇಕು.

ಹೃದಯ, ರಕ್ತದೊತ್ತಡದ ಸಂಗತಿ ವಯಸ್ಸಾದವರಿಗೆ ಹೆಚ್ಚು ಸಂಬಂಧಿಸಿದ್ದು. ಟಿಎಚ್‌ಸಿ ನಾಡಿಬಡಿತವನ್ನು ನಿಮಿಷಕ್ಕೆ 20ರಿಂದ 50ರವರೆಗೆ ಏರಿಸಬಲ್ಲದು. ಅದೇ ಹೊತ್ತಿಗೆ ರಕ್ತನಾಳಗಳನ್ನು ಸಡಿಲಿಸಿ, ಕುಳಿತವರು ಎದ್ದು ನಿಂತಾಗ ಒತ್ತಡ ಕುಸಿಯುವಂತೆ ಮಾಡುತ್ತದೆ. ಗಾಂಜಾ ಸೇದಿದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ ಅವರದೇ ಬೇರೆ ಹೊತ್ತಿಗಿಂತ 4.8 ಪಟ್ಟು ಹೆಚ್ಚಿತ್ತು ಎಂದು ಹೃದಯಾಘಾತವಾದವರನ್ನು ವಿಚಾರಿಸಿ 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಹೇಳಿತು. ಬಿಪಿಗೆ ಆಮ್ಲೋಡಿಪಿನ್, ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವ ಎಪ್ಪತ್ತರ ಅಜ್ಜ ಶಿವರಾತ್ರಿಯ ಜಾಗರಣೆಯಲ್ಲಿ ಒಂದು ಲೋಟ ಭಂಗಿ ಕುಡಿದು, ನಡುರಾತ್ರಿ ಮೂತ್ರಕ್ಕೆಂದು ಎದ್ದು ಬಚ್ಚಲಿನಲ್ಲಿ ಕುಸಿದು ತೊಡೆಮೂಳೆ ಮುರಿದುಕೊಂಡರೆ, ಮನೆಯವರು ಅದನ್ನು ‘ಕಾಲು ಜಾರಿತು’ ಎಂದೇ ದಾಖಲಿಸುತ್ತಾರೆ. ಖಿನ್ನತೆಗೂ ನರನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆಯೂ ಬಡಿತವನ್ನು ಏರಿಸುವಂಥದ್ದೇ; ಆ ಬಗೆಯ ಮಾತ್ರೆ ನುಂಗುತ್ತಿದ್ದ ಹದಿಹರೆಯದವರು ಗಾಂಜಾ ಸೇದಿದ ಮೇಲೆ ಬಡಿತ ವಿಪರೀತ ಏರಿ, ಗೊಂದಲ, ಭ್ರಮೆಗಳಿಗೆ ಸಿಲುಕಿದ ಪ್ರಕರಣಗಳು ವರದಿಯಾಗಿವೆ.

ಭಂಗಿಯನ್ನು ತಯಾರಿಸುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇನ್ನಷ್ಟು ಸಂಗತಿಗಳು ಕಾಣುತ್ತವೆ. ಎಲೆಯನ್ನು ನೆನೆಹಾಕಿ, ಬಾದಾಮಿ, ಗಸಗಸೆ, ಸೋಂಪು, ಕಾಳುಮೆಣಸಿನ ಜೊತೆ ಒರಳಿನಲ್ಲಿ ನುಣ್ಣಗೆ ಅರೆದು, ಕೆನೆಹಾಲಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸುತ್ತಾರೆ. ಟಿಎಚ್‌ಸಿ, ಸಿಬಿಡಿ ಎರಡೂ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಕೆನೆಹಾಲು ಅವನ್ನು ಒಳಕ್ಕೆ ಒಯ್ಯುವ ವಾಹನ. ಹೆಚ್ಚು ಜಿಡ್ಡಿನ ಊಟದ ಜೊತೆ ತೆಗೆದುಕೊಂಡರೆ ಸಿಬಿಡಿ ದೇಹಕ್ಕೆ ನಾಲ್ಕೈದು ಪಟ್ಟು ಹೆಚ್ಚು ದಕ್ಕುತ್ತದೆ ಎಂಬುದು ಎಪಿಡಿಯೊಲೆಕ್ಸ್‌ನ ಪರೀಕ್ಷೆಗಳಲ್ಲಿ ತಿಳಿದುಬಂದಿದೆ. ಕಾಳುಮೆಣಸಿನ ಪೈಪರಿನ್, ಎಪ್ಟಾಯಿನ್‌ನಲ್ಲಿರುವ ಫಿನಿಟಾಯಿನ್, ಪ್ರೊಪ್ರನಲಾಲ್, ಥಿಯೊಫಿಲಿನ್ ಮುಂತಾದವುಗಳ ರಕ್ತಮಟ್ಟವನ್ನು ಏರಿಸುತ್ತದೆ ಎಂಬುದನ್ನು ತೋರಿಸಿದ್ದು ಭಾರತದಲ್ಲೇ ನಡೆದ ಪ್ರಯೋಗಗಳು. ಸೇದಿದ ಗಾಂಜಾ ನಿಮಿಷಗಳಲ್ಲಿ ಏರುತ್ತದೆ, ಕುಡಿದ ಭಂಗಿಗೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏರಲಿಲ್ಲವೆಂದು ಎರಡನೇ ಲೋಟ ಕುಡಿದವರಿಗೆ ಎರಡೂ ಒಟ್ಟಿಗೆ ಏರುತ್ತವೆ. ಮೇಲಾಗಿ ನುಂಗಿದ ಟಿಎಚ್‌ಸಿಯನ್ನು ಯಕೃತ್ತು ಮೊದಲು ಮಾರ್ಪಡಿಸಿ ಕೊಡುವ ರೂಪವೂ ಅಷ್ಟೇ ಅಮಲಿನದು, ಹಾಗಾಗಿ ಅದು ಆರರಿಂದ ಹನ್ನೆರಡು ಗಂಟೆ ಹಿಡಿದಿಟ್ಟುಕೊಳ್ಳುತ್ತದೆ. ಕೆಲವೆಡೆ ಅಮಲು ಹೆಚ್ಚಲಿ ಎಂದು ದತ್ತೂರಿಯ ಬೀಜವನ್ನು ಬೆರೆಸುವ ಪದ್ಧತಿ ಇದೆ, ಮತ್ತು ಈ ಬೆರಕೆಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ: ಇದು ಜೀವ ತೆಗೆಯುವ ಬೆರಕೆ. ಬಾಯಿ ಒಣಗಿ, ಕಣ್ಣಿನ ಪಾಪೆ ದೊಡ್ಡದಾಗಿ, ಮೈ ಸುಟ್ಟು, ಮೂತ್ರ ಕಟ್ಟಿ, ಇಲ್ಲದವರೊಡನೆ ಮಾತಾಡತೊಡಗಿದರೆ ಅದು ಬರೀ ಭಂಗಿಯ ಅಮಲಲ್ಲ. ಆಸ್ಪತ್ರೆಯಲ್ಲಿ ಅದಕ್ಕೆ ಚಿಕಿತ್ಸೆಯಿದೆ. ಮೊಸರು, ಹುಣಸೆಹುಳಿ ಕುಡಿಸುತ್ತ ಬೆಳಗಿನವರೆಗೆ ಕಾಯಬಾರದು.

ಕೃತಕವಾಗಿ ತಯಾರಿಸಿ ಒಣಸೊಪ್ಪಿಗೆ ಸಿಂಪಡಿಸಿ ಮಾರುವ, ಸ್ಪೈಸ್ ಮುಂತಾದ ಹೆಸರಿನ ಪದಾರ್ಥಗಳನ್ನು ಗಾಂಜಾ ಎಂದೇ ತಿಳಿಯುವವರಿದ್ದಾರೆ. 2018ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಅಂಥ ಸರಕಿಗೆ ಇಲಿಪಾಷಾಣವಾದ ಬ್ರೊಡಿಫಾಕಮ್ ಬೆರೆತು ನೂರೈವತ್ತಕ್ಕೂ ಹೆಚ್ಚು ಜನ ರಕ್ತಸ್ರಾವಕ್ಕೆ ಒಳಗಾದರು, ಕೆಲವರು ಸತ್ತರು. ಪೊಟ್ಟಣದೊಳಗೆ ಏನಿದೆ ಎಂಬುದು ಮಾರುವವನಿಗೂ ತಿಳಿಯದ ಕಡೆ ಯಾವ ಔಷಧದ ಜೊತೆ ಯಾವ ಪ್ರತಿಕ್ರಿಯೆ ಎಂಬ ಲೆಕ್ಕವೇ ನಡೆಯುವುದಿಲ್ಲ.

ಹೇಳಿಕೊಳ್ಳಲು ಜನ ಹಿಂಜರಿಯುವುದು ಏಕೆಂದು ನನಗೆ ಅರ್ಥವಾಗುತ್ತದೆ. ಒಂದು ಕಡೆ ಮರ್ಯಾದೆ, ಇನ್ನೊಂದು ಕಡೆ ಪೊಲೀಸರ ಭಯ. ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಡಿ ಗಾಂಜಾ ಸೇವನೆ ಅಪರಾಧವೇ. ಆದರೆ ಅದೇ ಕಾಯ್ದೆಯ 64ಎ ಕಲಮು, ಚಟಕ್ಕೆ ಬಿದ್ದವರು ತಾವಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಸೇವನೆಗಾಗಿ ಅವರ ಮೇಲೆ ಮೊಕದ್ದಮೆ ನಡೆಸಬಾರದೆಂದು ಹೇಳುತ್ತದೆ. ರೋಗಿ ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ವೃತ್ತಿಧರ್ಮ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಅದನ್ನು ಮನೋರೋಗಿಗಳ ಹಕ್ಕಾಗಿಯೇ ಬರೆದಿದೆ. ಬಿಡಬೇಕೆನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ, ಫೋನಿನಲ್ಲಿ 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಯೂ 14416 ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಕೂಡ ಸಿಗುತ್ತವೆ. ಬಿಡುವ ಮನಸ್ಸಿಲ್ಲದವರೂ ನಾಲ್ಕು ಸಂಗತಿಗಳನ್ನು ಹೇಳಬಹುದು: ಸೇದುವುದೋ ಕುಡಿಯುವುದೋ, ಎಷ್ಟು ದಿನಕ್ಕೊಮ್ಮೆ, ಎಷ್ಟು, ಕೊನೆಯ ಬಾರಿ ಯಾವಾಗ.

ಈ ನಾಲ್ಕನೆಯ ಪ್ರಶ್ನೆಯ ಉತ್ತರಕ್ಕೆ ಅತ್ಯಂತ ಬೆಲೆ ಇರುವುದು ಶಸ್ತ್ರಚಿಕಿತ್ಸೆಯ ಮುನ್ನ. ಅಮೆರಿಕದ ಕೊಲೊರಾಡೊದಲ್ಲಿ ಎಂಡೋಸ್ಕೋಪಿಗೆ ಬಂದ 250 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿತ್ಯವೋ ವಾರಕ್ಕೊಮ್ಮೆಯೋ ಗಾಂಜಾ ಬಳಸುವವರಿಗೆ ಮಂಪರು ಬರಿಸಲು ಫೆಂಟನಿಲ್ ಶೇ 14, ಮಿಡಜೊಲಾಮ್ ಶೇ 20, ಪ್ರೊಪೊಫಾಲ್ ಶೇ 220ರಷ್ಟು ಹೆಚ್ಚು ಬೇಕಾಗಿತ್ತು. ಇದಕ್ಕೆ ವಿರುದ್ಧವಾಗಿ, ಆಗತಾನೆ ಸೇದಿ ಬಂದವರ ಹೃದಯ ಅರಿವಳಿಕೆಯ ಹೊತ್ತಿನಲ್ಲಿ ಅಂಕೆ ತಪ್ಪಬಹುದು. ಆದ್ದರಿಂದ ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಸೇದಿದ ನಂತರ ಕನಿಷ್ಠ ಎರಡು ಗಂಟೆಯಾದರೂ ಮುಂದೂಡಬೇಕೆಂದು ಅಮೆರಿಕದ ಅರಿವಳಿಕೆ ತಜ್ಞರ ಸಂಘವೊಂದು 2023ರಲ್ಲಿ ಸಲಹೆ ಕೊಟ್ಟಿತು.

ಬೈಕಿನಿಂದ ಬಿದ್ದು ಕೈಮೂಳೆ ಮುರಿದುಕೊಂಡ ಹುಡುಗ ಗಾಲಿಮಂಚದ ಮೇಲಿದ್ದಾನೆ, ತಂದೆ ತಲೆಯ ಬಳಿ ನಿಂತಿದ್ದಾರೆ. ಅರಿವಳಿಕೆ ವೈದ್ಯರು ಫಾರಂ ತುಂಬುತ್ತ ‘ಬೀಡಿ, ಸಿಗರೇಟು, ಕುಡಿತ, ಗಾಂಜಾ ಏನಾದರೂ ಅಭ್ಯಾಸವಿದೆಯಾ?’ ಎಂದು ಕೇಳುತ್ತಾರೆ. ಹುಡುಗ ತಂದೆಯ ಮುಖ ನೋಡಿ ‘ಇಲ್ಲ ಸಾರ್’ ಎನ್ನುತ್ತಾನೆ. ಅನುಭವಸ್ಥ ವೈದ್ಯರು ಆ ಉತ್ತರವನ್ನು ಬರೆದುಕೊಳ್ಳುವುದಿಲ್ಲ. ‘ಯಜಮಾನರೇ, ಕೌಂಟರಿನಲ್ಲಿ ಇಸಿಜಿ ಕಾಗದ ಇದೆ, ಸ್ವಲ್ಪ ತಂದುಕೊಡ್ತೀರಾ?’ ಎಂದು ತಂದೆಯನ್ನು ಕಳಿಸಿ, ಬಾಗಿಲು ಮುಚ್ಚಿದ ಮೇಲೆ, ದನಿ ತಗ್ಗಿಸಿ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳುತ್ತಾರೆ.